ಲೈನಿಂಗ್

ದಸ್ತಗೀರ್,
ನಿನ್ನ ಎಕ್ಸ್‌ರೇ ಕಿಟಕಿಗೆ ಹಿಡಿದು ನೋಡಿದೆ.
ಸ್ಟೇರಿಂಗ್ ಹಿಡಿದವನಿಗೆ ಏನು ತಿಳಿಯುತ್ತೆ.
ಆಗುಂಬೆಯಲ್ಲಿ ಬೆಳಗಿನ ಆರೂವರೆಗೆ ಮಂಜು ಕೂತ ಹಾಗೆ
ಬಲಗಡೆ ಕೆಳಗೆಲ್ಲ ಬಿಳಿ.
ರಸ್ತೆ ಕಾಣಲಿಲ್ಲ.

ಇಪ್ಪತ್ತಾರು ವರ್ಷ ಆ ಹದಿನಾಲ್ಕು ತಿರುವು ಇಳಿದೆ.
ಮೂವತ್ತು ಸೀಟಿನ ಮಿನಿ ಬಸ್ಸು, ಐವತ್ತು ಜನ,
ಡೋರಿಗೆ ನೇತುಬಿದ್ದವರನ್ನು ಲೆಕ್ಕ ಹಾಕದೆ.
ಏಳನೇ ತಿರುವಿಗೆ ಲೈನರ್ ಕಾದ ವಾಸನೆ ಬರೋದು,
ಹೆಂಗಸರು ಸೆರಗು ಮೂಗಿಗೊತ್ತೋರು.
ಪೆಡಲ್ ಮೇಲೆ ಕಾಲಿಟ್ಟು ನಿನ್ನ ಹೆಸರು ಹೇಳುತ್ತಿದ್ದೆ,
ದೇವರದ್ದು ಆಮೇಲೆ.
ನಿಲ್ಲುತ್ತಿತ್ತು.
ಒಂಬತ್ತನೇ ತಿರುವಲ್ಲಿ ನೋವು ಶುರುವಾದ ಬಸುರಿ ಒಬ್ಬಳಿದ್ದಳು,
ಅವಳ ಮಗನಿಗೆ ಈಗ ಮೀಸೆ.
ನಿನ್ನ ಹೆಸರು ಅವನಿಗೆ ಯಾರು ಹೇಳಬೇಕು?

ಸಾಗರ ರಸ್ತೆಯ ಶೆಡ್ಡಿನಲ್ಲಿ ನೀನು ಡ್ರಮ್ಮು ಬಿಚ್ಚಿದರೆ
ಸವೆದ ಘಟ್ಟವೆಲ್ಲ ಬೂದಿಯಾಗಿ ಒಳಗೆ ಕೂತಿರುತ್ತಿತ್ತು.
'ಹವಾ ಹೊಡಿಯೋ ಹಾಲೇಶ' ಅಂತಿದ್ದೆ.
ಪೈಪು ಬುಸ್ಸೆಂದು, ಒಂದು ಗಳಿಗೆ ನೀನೇ ಇರುತ್ತಿರಲಿಲ್ಲ.
ಧೂಳಿಳಿದ ಮೇಲೆ ಮೊದಲು ಹಲ್ಲು, ಆಮೇಲೆ ಮುಖ.
ಮೂವತ್ತಕ್ಕೇ ನರೆತ ಹುಬ್ಬು.
ಟೀ ಮೇಲಿನ ಕೆನೆ ಬೆರಳಲ್ಲಿ ತೆಗೆದು ಎಸೆದು
ಉಳಿದದ್ದು ನೀನು ಕುಡಿದೆ. ನಾನೂ ಕುಡಿದೆ.

ಬೀಡಿಯಿಂದ ಅನ್ನುತ್ತಾಳೆ ಶಂಶಾದ್.
ದೃಷ್ಟಿಯಿಂದ ಅನ್ನುತ್ತಾನೆ ನಿನ್ನಣ್ಣ.
ಮೆಗ್ಗಾನಿನ ಆ ಸಣ್ಣ ಡಾಕ್ಟರಮ್ಮ ಮಾತ್ರ
ಬೀಡಿಯ ಲೆಕ್ಕ ಬರೆದುಕೊಂಡು, ಪೆನ್ನು ನಿಲ್ಲಿಸಿ,
'ಏನು ಕೆಲಸ ಮಾಡ್ತಿದ್ರಿ?' ಅಂದಳು.
ಕಲ್ನಾರು ಅಂದಳು.
ಕಲ್ಲಿಗೆಲ್ಲಿಯ ನಾರು, ಅಂದೆ.
ಕೂದಲಿಗಿಂತ ಸಣ್ಣ. ಸುಡುವುದಿಲ್ಲ, ಕರಗುವುದಿಲ್ಲ,
ಮೂವತ್ತು ನಲವತ್ತು ವರ್ಷ ಸುಮ್ಮನೆ ಕೂತಿರುತ್ತೆ.
ಶ್ವಾಸಕೋಶದ ಸುತ್ತ ತೆಳ್ಳಗೆ ಪೊರೆ, ಲೈನಿಂಗ್ ಇದ್ದ ಹಾಗೆ,
ಕ್ಯಾನ್ಸರ್ ಅದಕ್ಕೆ.
ಆ ಪದಕ್ಕೆ ನೀನು ನಕ್ಕೆ.
ನಕ್ಕಿದ್ದಕ್ಕೆ ಹತ್ತು ನಿಮಿಷ ಕೆಮ್ಮಿದೆ.

ಹೂವಿನ ಜೊತೆ ನಾರೂ ಸ್ವರ್ಗ ಕಂಡಿತಂತೆ.
ಇಲ್ಲಿ ಹೂವು ಯಾರು, ದಸ್ತಗೀರ್?
ಸೋಮೇಶ್ವರದಲ್ಲಿ ಚಿಲ್ಲರೆಗೆ ಜಗಳಾಡಿ
ಇಳಿದು ಹೋದವರೇ?

ನಿನ್ನೆ ಹಾಲೇಶನ ಗ್ಯಾರೇಜಿಗೆ ಹೋಗಿದ್ದೆ. ಅವನದೇ ಈಗ, ಬೋರ್ಡೂ ಇದೆ.
ಹವಾ ಹೊಡೀಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು ಅಂದೆ.
'ಈಗಿನ ಮಾಲಲ್ಲಿ ಅದಿಲ್ಲ ಅಣ್ಣ.'
ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದೆ,
ರೇಟು ಬಿಟ್ಟು ಬೇರೇನೂ ಬರೆದಿರಲಿಲ್ಲ.
ಕೆಮ್ಮಿದ. ಥಂಡಿ ಅಂದ.

ಇವತ್ತು ನಿನ್ನ ಬೆನ್ನಿಗೆ ಸೂಜಿ ಹಾಕಿ
ಎರಡು ಬಾಟಲಿ ನೀರು ತೆಗೆದರು, ಟೀ ಬಣ್ಣದ್ದು.
'ಉಸಿರು ತಗೊಳ್ಳಿ. ಹಿಡೀರಿ. ಬಿಡಿ.'
ಬಸ್ಸಿನಡಿ ಅಂಗಾತ ಮಲಗಿ
ಬ್ರೇಕಿನ ಪೈಪಿಂದ ಗಾಳಿ ಬಿಡಿಸುವಾಗ
ನೀನೂ ಹೀಗೇ ಕೂಗುತ್ತಿದ್ದೆ:
'ಒತ್ತು. ಒತ್ತು. ಹಿಡಕೋ. ಬಿಡಬೇಡ.'

ಮಂಚದ ಪಕ್ಕ ಕೂತಿದ್ದೇನೆ.
ನನ್ನ ಬಲಗಾಲು
ಆಸ್ಪತ್ರೆಯ ನೆಲವನ್ನು ಒತ್ತಿ ಹಿಡಿದಿದೆ.