ಗಾರೆ ಇಳಿಸಿದ ಗೋಡೆ

ತುಲೂಸಿನ ಒಂದು ಓಣಿ, ಮೂರನೆಯ ಮಹಡಿ.
ಮಯೆಲಿಸ್ ಮೇಡಂಗೆ ಗೋಡೆ ಬರಿಮೈಯಲ್ಲಿ ಬೇಕಂತೆ:
ಬಿಳಿ ಸೋಫಾದ ಹಿಂದೆ ಕೆಂಪು ಇಟ್ಟಿಗೆ,
ಮೇಲಿಂದ ಇಳಿಬಿಟ್ಟ ಒಂದೇ ದೀಪ.
"ಎಷ್ಟು ದಿನ ಹಿಡಿದೀತು, ಗ್ರಾಸಾ?"
ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ.
ಒಳಗಿಂದ ಬಂದ ಸದ್ದು ಗೊತ್ತಿದ್ದದ್ದೇ.

ಇದು ಅಪ್ಪನ ಗಾರೆ.

ಪೋರ್ಚುಗಲ್ಲಿನಿಂದ ಒಂದು ಕರಣೆ, ಒಂದು ಕೋಟು,
ಇಲ್ಲಿನ ಮಾತಿಗೆ ಹೊರಳದ ನಾಲಗೆ ತಂದವನು
ಮೀಟರಿಗಿಷ್ಟು ಎಂಬ ಕೂಲಿಗೆ
ಈ ಬೀದಿಯ ಮನೆಗಳ ಒಳಮೈ ನುಣುಪು ಮಾಡಿದ.
ಅಂದಿನವರಿಗೆ ಇಟ್ಟಿಗೆ ಕಂಡರೆ
ಬಡತನ ಕಂಡಂತೆ.

ಉಳಿ ಇಟ್ಟೆ. ಕಿಟಕಿಯ ಪಕ್ಕದ್ದು
ಹಪ್ಪಳದಂತೆ ಎದ್ದು ಬಂತು.
ಉಳಿದದ್ದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.
ಅಂಗೈಯಗಲ, ಮತ್ತೆ ಅಂಗೈಯಗಲ,
ಹುಬ್ಬೆಲ್ಲ ಬೆಳ್ಳಗಾಗಿ
ಸಂಜೆಗೆ ಕನ್ನಡಿಯಲ್ಲಿ ಅವನೇ.

ಅಡಿಯಲ್ಲಿ ಏನಿತ್ತು?
ಹೊಳೆಮಣ್ಣಿನ ಚಪ್ಪಟೆ ಇಟ್ಟಿಗೆ; ಎರಡು ಸಾಲು ನೆಟ್ಟಗೆ,
ಆಮೇಲೆ ತುಂಡು, ಚೂರು, ಒಂದೆಡೆ ಹೆಂಚಿನ ಮುರುಕು,
ಹೊಗೆಕೊಳವೆಯ ಮಸಿ ಕುಡಿದ ಉದ್ದನೆ ಪಟ್ಟೆ,
ಯಾವ ಕಾಲದಲ್ಲೋ ಮುಚ್ಚಿದ ಬಾಗಿಲಿನ ಕಮಾನು.
ಕಾಣಲೆಂದು ಕಟ್ಟಿದ್ದಲ್ಲ ಇದು,
ಹೊರಲೆಂದು ಕಟ್ಟಿದ್ದು.
ಯಾರೋ ಅವಸರದಲ್ಲಿ ಬಿಟ್ಟ ತಪ್ಪನ್ನೆಲ್ಲ
ಅಪ್ಪ ಒಂದು ಮಾತೂ ಆಡದೆ ಮುಚ್ಚಿದ್ದ.

ಮೇಡಂ ಬಂದು ಮಸಿಯ ಪಟ್ಟೆಗೆ ಕೈಯಿಟ್ಟು
"ಇದೇ, ಇದೇ ಬೇಕಾಗಿದ್ದದ್ದು" ಅಂದಳು.
ನಿಜಕ್ಕೂ ಚೆನ್ನಾಗಿತ್ತು, ಸುಳ್ಳೇಕೆ?
ಇಳಿಬಿಸಿಲು ಬಿದ್ದಾಗ ಗೋಡೆ
ಈಗಷ್ಟೇ ಗೂಡಿನಿಂದ ತೆಗೆದ ಹಾಗಿತ್ತು.
ಆದರೆ ಉದುರುತ್ತದೆ, ಎಂದೆ, ದಿನಾ ಒಂದು ಚಿಟಿಕೆ.
ಸೋಫಾ ಒಂದು ಗೇಣು ಈಚೆಗಿರಲಿ.

ಹದಿನಾಲ್ಕು ಮೂಟೆ ಸುಣ್ಣ, ಮರಳು.
ಲಿಫ್ಟ್ ಇಲ್ಲ; ಹೆಗಲ ಮೇಲೆಯೇ ಇಳಿಸಿದೆ.
ಒಂದು ಚಕ್ಕೆ ಜೇಬಿನಲ್ಲಿ ಉಳಿದುಬಿಟ್ಟಿತ್ತು,
ಬೇಕೆಂದು ಹಾಕಿಕೊಂಡದ್ದಲ್ಲ.

ರಾತ್ರಿ ಫೋನಿನಲ್ಲಿ, ಹೇಳಲೋ ಬೇಡವೋ ಅನ್ನುತ್ತಲೇ ಹೇಳಿದೆ.
ಅಪ್ಪ ಕೆಮ್ಮಿದ. "ಸುಲಭವಾಗಿ ಬಂತಾ?"
"ಇಲ್ಲ. ಮೂರು ದಿನ. ಎರಡು ಉಳಿ ಮೊಂಡಾದವು."
ಆ ಕಡೆ ಕುರ್ಚಿ ಕಿರ್ರೆಂದಿತು,
ಆರಾಮಾಗಿ ಬೆನ್ನು ಒರಗಿಸಿದ ಸದ್ದು.
ಆಮೇಲೆ ಮೆಲ್ಲಗೆ, "ಕಿಟಕಿ ಪಕ್ಕದ್ದು?"
ನಾನು ಉತ್ತರಿಸುವ ಮೊದಲೇ ಅಂದ:
"ಅವತ್ತು ಶುಕ್ರವಾರ. ಬಟವಾಡೆ ಇತ್ತು."