ಕಡೇ ಪುಟದಿಂದ ಸುರು

ಹಳೇ ಎಂಜಿನ್ನು ಬಂದ ಕಟ್ಟಿಗೀ ಪೆಟ್ಟಿಗ್ಯಾಗ
ಪಿಸ್ಟನ್ ಅಲುಗಾಡಬಾರದಂತ ತುರುಕಿದ ರದ್ದಿ ನಡುವ
ಸಿಕ್ಕಿದ್ದು ಈ ಪುಸ್ತಕ.
ಜಪಾನದ್ದು. ಯಾವುದೋ ರೇಸಿನ ಕಂಪನೀದು.
ಹೆಸರು ಮೂರು ಅಕ್ಷರ:
ಒಂದು ಕಿಡಕಿ ಹಂಗ, ಒಂದು ಹೆಂಚಿನ ಮನಿ ಹಂಗ,
ಮೂರನೇದು, ನಮ್ಮ ತುಳಜನ್‌ಸಾ ಬದ್ದಿ ಹೇಳಿದಂಗ,
ಕಾಲು ಅಗಲಿಸಿ ಕಿಕ್ ಹೊಡಿಯೋ ಮನಶ್ಯಾ.

ಕಮರಿಪೇಟಿ ಗ್ಯಾರೇಜಿನ್ಯಾಗ ಪಾನಾ ಕೊಡೋ ಹುಡುಗ ನಾನು.
ಮಧ್ಯಾಹ್ನ ಕರೆಂಟ್ ಹೋತಂದ್ರ
ಸಾ ಕೈ ಒರಸಿಕೊಂಡು ಪುಸ್ತಕ ತಗೀತಿದ್ದ.
ಓದಾಕ ಬರೂದಿಲ್ಲ. ಚಿತ್ರ ಅದಾವಲ್ಲ, ಸಾಕು.
"ಕೇಳ್ರಿ, ಕಂಪನೀ ಇತಿಹಾಸ."

ಮೊದಲನೇ ಪುಟ: ಅರ್ಧ ಇಳಿಸಿದ ಶಟರ್,
ಮುಂದ ಒಂದು ಕಸಬರಗಿ. ಮಂದಿ ಇಲ್ಲ.
"ಎಲ್ಲಾ ಧಂದೇನೂ ಹಿಂಗ ಸುರುವಾಗತೈತಿ.
ಅಂಗಡಿ ಬಾಡಿಗಿ ಹಿಡದಾರ, ಇನ್ನೂ ಕಸಾ ಹೊಡದಿಲ್ಲ."

ಎರಡನೇದರಾಗ ಹದಿನೆಂಟು ಮಂದಿ, ಒಂದ ನಮೂನಿ ಅಂಗಿ,
ಎಲ್ಲಾರೂ ತಮ್ಮ ಬೂಟು ನೋಡಾಕತ್ತಾರ.
ನಡುವ ಕುರ್ಚಿ, ಕುರ್ಚಿ ಮ್ಯಾಲ ಬರೇ ಹೆಲ್ಮೆಟ್ಟು.
"ರೈಡರ್ ಇನ್ನೂ ಸಿಕ್ಕಿಲ್ಲ ಅವರಿಗೆ,
ಜಾಗಾ ಹಿಡದಿಟ್ಟಾರ."
ಆಮ್ಯಾಲ ಹೊಗಿ. ಓಡೋ ಕಾಲು. ಎಲ್ಲಾ ಮಸಕು.
ಅದರ ಮುಂದಿನ ಪುಟಕ್ಕ — ಬಂದನಲ್ಲ!
ಗದ್ದದ ಮ್ಯಾಲ ಕರೀ ಮಚ್ಚಿ,
ನಲವತ್ಮೂರು ನಂಬರಿನ ಗಾಡಿ ವಾಲಿಸಿ
ಮೊಣಕಾಲಿಂದ ನೆಲಾ ಸವರಿಕೋತ,
ಹೊಗಿ ಹಡದಂಗ ಅವನ್ನ.
ಮಚ್ಚೆಪ್ಪ ಅಂತ ಹೆಸರಿಟ್ವಿ ನಾವು.

ಪುಟ ಹೋದಂಗ ಕಪ್ಪು ಕಡಿಮಿ,
ನಾಕು ಲಾರಿ ಎರಡಾಗಿ, ಎರಡು ಒಂದು ಟೆಂಪೋ ಆಗಿ.
"ಖರ್ಚು ಹಿಡದಾರ, ಶ್ಯಾಣ್ಯಾ ಮಂದಿ."
ಮಾಲಕನ ಬಿಳೀ ಕೂದಲು ಕರ್ರಗಾತು.
"ಕಲಪು."
ಮಚ್ಚೆಪ್ಪ ಹುಡುಗ ಆಗಿ, ಒಮ್ಮೆ ಕಾಣದಂಗಾದ.
"ಊರಿಗೆ ಹೋಗ್ಯಾನ, ಲಗ್ನ ಇರಬೇಕು."
ಕಡೇ ಚಿತ್ರ: ತಗಡಿನ ಶೆಡ್ಡು,
ಬೋರಲು ಹಾಕಿದ ಬುಟ್ಟಿ ಮ್ಯಾಲ ಒಂದು ಎಂಜಿನ್ನು,
ಬಾಯಿ ತುಂಬ ಅನ್ನ ಇಟಗೊಂಡು ನಗೋ ಇಬ್ಬರು ಹುಡುಗರು.
"ನೋಡು, ಸಾಲ ಹರದು, ಗದ್ದಲ ಮುಗದು,
ಈಗ ಇಬ್ಬರ ಕುಂತು ಗಾಡಿ ಕಟ್ಟಾಕತ್ತಾರ.
ಇದಕ್ಕಿಂತ ಮ್ಯಾಲ ಹೋಗಾಕ ಏನೈತೋ?"

ಆ ಇತಿಹಾಸ ನಂಬಿ ನಾವೂ ಟೀಮ್ ಕಟ್ಟಿದ್ವಿ.
ಟ್ಯಾಂಕಿನ ಮ್ಯಾಲ ಅವ ಮೂರು ಅಕ್ಷರ, ಹಳದೀ ಬಣ್ಣ.
ಗೋಕುಲ ರೋಡಿನಾಚೆ ಮಣ್ಣಿನ ಮೈದಾನ,
ರೈಲ್ವೆ ಫಿಟ್ಟರ್ ಮಗ ಇಮ್ಮಾನುಯೇಲ ಗಾಡಿ ಹತ್ತಿದ.
ಮೂರನೇ ಸುತ್ತಿಗೆ ಚೈನು ಹರೀತು.
ದೂಡಿಕೋತ ಬಂದು ಗೆರಿ ದಾಟೋದರಾಗ
ಬಾವುಟ ಬೀಸವ ಸೈಕಲ್ ಹತ್ತಿ ಮನಿಗೆ ಹೋಗಿದ್ದ.
ಸಾ ತನ್ನ ಎಣ್ಣಿ ಅರಿವೀನ ಬೀಸಿದ.

ಒಂದಿನ ಸೀಟ್ ಹೊಲಿಯೋ ದಾವಲಸಾಬ
ಸೂಜಿ ಕಾಲರಿಗೆ ಚುಚ್ಚಿಕೊಂಡು ಬಂದ ನೋಡಿದ:
"ತುಳಜನ್‌ಸಾ, ತಪ್ಪು ತಿಳಕೋಬ್ಯಾಡ್ರಿ.
ಇದು ನಮ್ಮ ಉರ್ದು ಪುಸ್ತಕದಂಗ ಕಾಣತೈತಿ.
ಈ ಕಡಿಂದ ತಗೀಬೇಕು."

ತಗದ. ಶೆಡ್ಡು. ಬಾಯ್ತುಂಬ ಅನ್ನ.
ಯಾರೂ ಉಸರು ಬಿಡಲಿಲ್ಲ.
ಟೆಂಪೋ, ಲಾರಿ, ಒಂದರ ಹಿಂದ ಒಂದು ಕಪ್ಪು,
ಕೂದಲು ನರೀತು, ಕಲಪು ಅಲ್ಲ ಅದು,
ನಲವತ್ಮೂರು ನಂಬರು ವಾಲಿತು ತಿರುವಿನ್ಯಾಗ,
ಮುಂದಿನ ಪುಟ ಏನಂತ ನಮಗ ಗೊತ್ತು.

ಸಾ ಉಗುರಿಲ್ಲದ ಹೆಬ್ಬೆರಳಿನ ಆ ಕೈ
ಹಾಳಿ ಮ್ಯಾಲ ಅಗಲಕ್ಕ ಊರಿದ.
"ಇಷ್ಟು ಸಾಕು. ಕರೆಂಟ್ ಬಂತು, ಏಳ್ರಿ."
ಕರೆಂಟ್ ಬಂದಿರಲಿಲ್ಲ.

ಪುಸ್ತಕ ಈಗ ನನ್ನ ಕಡೆ ಐತಿ.
ಫೋನ್ ಹಿಡದ್ರ ಹೆಸರು ಓದಿ ಹೇಳತೈತಂತ.
ಹಿಡದಿಲ್ಲ.
ಗ್ರೀಸಿನ ಐದು ಬೆರಳು ಇನ್ನೂ ಹೋಗಿಲ್ಲ,
ಆ ತಿರುವಿನ್ಯಾಗ, ಮಚ್ಚೆಪ್ಪನ ಬೆನ್ನ ಮ್ಯಾಲ,
ಹಿಂದಿನ ಸೀಟಿನ್ಯಾಗ ಯಾರೋ ಕುಂತು
ಸಾವಕಾಶ ಹೊಡೀಪಾ ಅಂದಂಗ.