ಕೈಯಾಗಿನ ಒಂದು

ವಾಡಿ ಜಂಕ್ಷನ್ನಿನ ಹಿಂದೆ ಸೋಡಾ ಅಂಗಡಿಯ ಒಳಖೋಲಿ.
ಸಿಮೆಂಟ್ ಫ್ಯಾಕ್ಟರಿ ಕ್ಲಬ್ಬಿನ ಹರಾಜಿನಲ್ಲಿ
ಎರಡು ಬೀರು, ಒಂದು ಸೀಳಿದ ಕೇರಂ ಬೋರ್ಡಿನ ಜೊತೆ
ಈ ಪಿನ್‌ಬಾಲ್ ಯಂತ್ರವೂ ಬಂತು.
ಗಾಜು ಒರೆಸಿದರೆ ಬಟ್ಟೆ ಬೂದಿಯಾಯಿತು.
ಅಂಕಿಚಕ್ರಗಳಲ್ಲಿ ಯಾರದೋ ಕೊನೆಯ ಆಟ ಹಾಗೇ ನಿಂತಿದೆ:
ನಾಲ್ಕು ಸಾವಿರದ ಏಳುನೂರಾ ಇಪ್ಪತ್ತು.

ಮಾಪಣ್ಣ ಕಾಕಾ, ಮೂವತ್ತೊಂದು ವರ್ಷ
ಸಿಗ್ನಲ್ ಕ್ಯಾಬಿನ್ನಿನಲ್ಲಿ ರಿಲೇಗಳ ಟಕಟಕ ಕೇಳಿದವನು,
ಮೇಲಿನ ಹಲಗೆ ಎತ್ತಿ ನಿಲ್ಲಿಸಿ ಬಗ್ಗಿ ನೋಡಿದ.
“ಜೈಬು, ಇದರ ಹೊಟ್ಯಾಗ ನಮ್ಮ ಕ್ಯಾಬಿನ್ನೇ ಅದಲ್ಲ!”

ನಾನು ಮೊಬೈಲ್ ರಿಪೇರಿಯವಳು. “ಚಿಪ್ ಎಲ್ಲದ ಕಾಕಾ?”
“ಚಿಪ್ಪಿಲ್ಲ, ಗಿಪ್ಪಿಲ್ಲ. ಒಂದು ಮುಟ್ಟಿದರ ಇನ್ನೊಂದು ಏಳ್ತದ.
ಅದು ಎದ್ದರ ಮತ್ತೊಂದು ಕೂಡ್ತದ. ಅಷ್ಟೇ.”
ಅಷ್ಟೇ ಎಂದರೆ
ಬಟ್ಟೆ ಸುತ್ತಿದ ಮೈಲುಗಟ್ಟಲೆ ತಂತಿ,
ತಾಮ್ರದ ಸುರುಳಿಯೊಳಗೆ ಹಾರಲು ಕೂತ ಕಬ್ಬಿಣದ ಕಡ್ಡಿ,
ಹಿತ್ತಾಳೆ ಎಲೆಗಳ ಮೇಲೆ ಸಾಸಿವೆಯಷ್ಟು ಬೆಳ್ಳಿ.

ಶುರು ಮಾಡುವ ಮೊದಲು ಆ ಅಂಕಿಯನ್ನು
ಪೆಟ್ಟಿಗೆಯ ಒಳಮೈಗೆ ಪೆನ್ಸಿಲಿನಲ್ಲಿ ಬರೆದೆ.
ಗುಂಡಿ ಒತ್ತಿದೆ. ಮೋಟಾರು ನರಳಿತು. ಚಕ್ರಗಳು ಬಡಬಡಿಸಿ
ಎಲ್ಲ ಸೊನ್ನೆ.

ಆಡಿದೆವು. ಎಂಬತ್ತು. ತೊಂಬತ್ತು.
ಮತ್ತೆ ಸೊನ್ನೆ. ನೂರರ ಚಕ್ರ ಕದಲಲಿಲ್ಲ.
“ಸಾಲ್ಯಾಗ ಕಲಿಸಿಲ್ಲೇನು? ಸೊನ್ನೆ ಬರಿ, ಕೈಯಾಗ ಒಂದು ಹಿಡಿ.
ಇದು ಹಿಡಿದಿದ್ದನ್ನ ಎಲ್ಲೋ ಬಿಟ್ಟದ.”

ಎಲೆ ಸಿಕ್ಕಿತು, ಕರ್ರಗೆ. ಮರಳುಕಾಗದ ಚಾಚಿದೆ,
ಕೈ ಮೇಲೆ ಹೊಡೆದ: “ಬೆಳ್ಳಿ ತಿಂತದ ಅದು!”
ಜೇಬಿನಿಂದ ತೆಗೆದ, ಹಳೆಯ ರಟ್ಟಿನ ಟಿಕೆಟು,
ವಾಡಿಯಿಂದ ಶಹಾಬಾದಿಗೆ, ಎರಡನೇ ದರ್ಜೆ.
ಎರಡು ಎಲೆಗಳ ನಡುವೆ ಎಳೆದ, ಎಳೆದ.
ಟಿಕೆಟಿನ ಮೇಲೆ ಕಪ್ಪು ಗೀಟು.
ಆಮೇಲೆ ಸಂದು ಬಗ್ಗಿಸಿದ,
ಜ್ವಾಳದ ಕಾಳಿನಷ್ಟಲ್ಲ, ಅದರ ಸಿಪ್ಪಿಯಷ್ಟು.

ತೊಂಬತ್ತು. ಟಕ್.
ನೂರು.

ನಾನು ಕುಣಿದೆ. ಅವನು ಪೆನ್ಸಿಲಿನ ಅಂಕಿ ನೋಡುತ್ತ ನಿಂತ.
“ಈ ರೋಗ ಹಳೇದು. ಪಾಪ, ಆಡಿದವ
ಎಷ್ಟು ನೂರು ಕಳಕೊಂಡಾನೋ.
ಗೆದ್ದಿದ್ದನೋ ಏನೋ.”
ಪೆನ್ಸಿಲ್ ಇಸಕೊಂಡು ಅಂಕಿಯ ಮುಂದೆ
ಒಂದು ಕೂಡುವ ಚಿಹ್ನೆ ಹಾಕಿದ. ಮುಂದೆ ಏನೂ ಬರೆಯಲಿಲ್ಲ.

ಐದನೇ ಗುಂಡು ಮೇಲಿರುವಾಗ
ಸಿಮೆಂಟಿನ ಗೂಡ್ಸು ಬಂತು. ಫರಸಿ ನಡುಗಿತು.
ಒಳಗೆ ತೂಗುಗುಂಡು ಬಳೆಗೆ ತಾಗಿ
ಲೈಟೆಲ್ಲ ಆರಿ ಆಟ ಬಂದ್.
“ನಾ ಅಲುಗಾಡಿಸಿಲ್ಲ!” ಎಂದೆ.
“ಗೊತ್ತದ” ಅಂದ ಕಾಕಾ, ವ್ಯಾಗನ್ನು ಎಣಿಸುತ್ತ.
“ಐವತ್ತೆಂಟು. ಹೋಗಲಿ ತಡಿ.”